ಗಿಳಿಹಸಿರು ದಾರ

ರೀ, ಶಿಫ್ಟ್ ಮುಗಿಸಿ ಬಂದೋರು ಮೊದಲು ಇದನ್ನ ಓದಿ.

ದಿಂಬಿನ ಕವರ್ ಮೇಲಿನ ಗಿಳಿಗೆ ಇನ್ನೂ ಒಂದು ರೆಕ್ಕೆ ಬಾಕಿ. ಗಿಳಿಹಸಿರು ದಾರ ತರೋಕೆ ಕೃಷ್ಣಗಿರಿಗೆ ಹೊಂಟಿದೀನಿ. ಬ್ಯಾಡ ಅಂತೀರ ಅಂತಲೇ ಕೇಳಲಿಲ್ಲ. ಸಂಜೆ ಬಸ್ಸಿಗೆ ಬತ್ತೀನಿ. ಸಾರು ಮಾಡಿಟ್ಟಿದೀನಿ, ಮುದ್ದೆ ನೀವೇ ತೊಳಸ್ಕಳಿ.

ಹೊಲಿಗೆ ಮಿಷನ್ ಮುಟ್ಟಬ್ಯಾಡಿ. ಸೂಜಿ ಕೆಳಗಿನ ಪಾದ ಬಿದ್ದೋಗಿಲ್ಲ, ಕಸೂತಿ ಹಾಕೋಕೆ ಅಡ್ಡ ಬರ್ತದೆ ಅಂತ ನಾನೇ ಬಿಚ್ಚಿಟ್ಟಿರೋದು. ರಿಪೇರಿ ಅಂತ ಎರಡು ಸಲ ಬಿಗಿದಿದ್ದು ಸಾಕು. ನಿಮ್ಮ ಫಿಟ್ಟರ್ ಕೆಲಸ ಫ್ಯಾಕ್ಟರೀಲೇ ಇಟ್ಕಳಿ.

ಮೊನ್ನೆ ಹೊಸೂರಿಂದ ಪಾಚಿಹಸಿರು ದಾರ ತಂದ್ಬುಟ್ಟು, "ಹಸಿರು ಹಸಿರೇ ಕಣೆ, ಯಾರ್ ನೋಡ್ತಾರೆ?" ಅಂದ್ರಿ. ಅದನ್ನೇನೂ ದಂಡ ಮಾಡಿಲ್ಲ. ನಿಮ್ಮ ಬಿಳಿ ಅಂಗಿಯ ಆರೂ ಗುಂಡೀನ ಅದರಲ್ಲೇ ಹೊಲಿದಿದೀನಿ.

ನಾಳೆ ಅದನ್ನೇ ಹಾಕ್ಕೊಂಡು ಡ್ಯೂಟಿಗೆ ಹೋಗಿ. ಯಾರ್ ನೋಡ್ತಾರೆ?