ತಿರುಗಿ ಬೈಯಲು ನನಗೆ ಬಾಯಿಲ್ಲವೇ

ಪ್ರೀತಿಯ ತಮ್ಮನಿಗೆ,

ಪ್ರೀತಿಯ ಎಂದು ಬರೆದಿದ್ದೇನೆ, ಹಲ್ಲು ಕಚ್ಚಿಕೊಂಡು.

ನೀನು ಪತ್ರಿಕೆಗೆ ಬರೆದ ಆ ವ್ಯಂಗ್ಯಚಿತ್ರವನ್ನು ನಾನು ನೋಡಿದ್ದು ವಾರ್ಡಿನ ಮೇಜಿನ ಮೇಲೆ. ರೋಗಿ ಮಂಚದಿಂದ ಕೆಳಗೆ ಬಿದ್ದಿದ್ದಾನೆ, ನರ್ಸಮ್ಮ ಫೋನಿನಲ್ಲಿ ಹಲ್ಲು ಕಿಸಿಯುತ್ತಿದ್ದಾಳೆ. ಅವಳಿಗೆ ನನ್ನದೇ ದಪ್ಪ ಕನ್ನಡಕ, ನನ್ನದೇ ಮೊಂಡು ಮೂಗು! ಜೊತೆಯವರೆಲ್ಲ ಒಮ್ಮೆ ಚಿತ್ರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಇಡೀ ವಾರ್ಡಿಗೆ ನಾವು ಇಬ್ಬರೇ ನರ್ಸುಗಳು ದುಡಿದು ಸಾಯುತ್ತಿದ್ದೇವೆಂದು ಹಿಂದಿನ ಭಾನುವಾರವಷ್ಟೇ ಅಮ್ಮನ ಮನೆಯಲ್ಲಿ ನಿನ್ನೆದುರು ಗೋಳು ಹೇಳಿಕೊಂಡಿದ್ದೆ. ಮೈಯೆಲ್ಲ ಉರಿದುಹೋಯಿತು ಕಣೋ. ಸಂಜೆ ಬಂದು ನಿನ್ನ ಕಿವಿ ಹಿಂಡಬೇಕೆಂದಿದ್ದೆ.

ಅಷ್ಟರೊಳಗೆ ಆಸ್ಪತ್ರೆ ನೌಕರರ ಸಂಘದ ಗಂಡಸರು ನಿಮ್ಮ ಕಚೇರಿಗೆ ನುಗ್ಗಿ, ನಿನ್ನ ಬಲಗೈಯನ್ನು ಮೇಜಿನ ಡ್ರಾಯರಿನಲ್ಲಿ ಸಿಕ್ಕಿಸಿ ಒದ್ದು ಬೆರಳು ಮುರಿದಿದ್ದರು. ಪಟ್ಟಿ ಕಟ್ಟಿದವಳು ನಾನೇ. ನೀನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದೆ. ಹೊರಗೆ ಬಂದರೆ ಸಂಘದ ಅಧ್ಯಕ್ಷ ಎದೆಯುಬ್ಬಿಸಿ ನಿಂತಿದ್ದ.

"ನಿಮ್ಮ ಮರ್ಯಾದೆಗೋಸ್ಕರಾನೇ ಮಾಡಿದ್ದು ಸಿಸ್ಟರ್. ಇನ್ನು ಯಾವನೂ ಬಾಲ ಬಿಚ್ಚಲ್ಲ."

"ನನ್ನ ಮರ್ಯಾದೆ ನಿಮ್ಮ ಕೈಗೆ ಯಾರ್ರೀ ಕೊಟ್ಟೋರು? ಬೈಸಿಕೊಂಡವಳು ನಾನು. ತಿರುಗಿ ಬೈಯೋಕೆ ನನಗೆ ಬಾಯಿಲ್ವಾ?" ಎಂದು ಕಾರಿಡಾರು ಅದುರುವಂತೆ ಕೂಗಿದೆ. ಪೊಲೀಸರಿಗೆ ಅವನ ಹೆಸರು ಹೇಳಿದೆ. ಅಂದಿನಿಂದ ಊಟದ ಕೋಣೆಯಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಕೂರದಿದ್ದರೆ ಬಿಡಲಿ.

ನಿನ್ನ ಪತ್ರಿಕೆಯಾದರೂ ನಿನ್ನ ಬೆನ್ನಿಗೆ ನಿಂತಿತೇ? ಮುಖಪುಟದಲ್ಲಿ ಕ್ಷಮೆ ಕೇಳಿ ನಿನ್ನನ್ನು ಕೆಲಸದಿಂದ ತೆಗೆಯಿತು. ನಿನ್ನ ಚಿತ್ರಕ್ಕೆ ಖಾರವಾದ ಉತ್ತರವೊಂದನ್ನು ಬರೆದುಕೊಂಡು ನಾನು ಸಂಪಾದಕರ ಬಳಿ ಹೋದೆ. ಖಾಲಿ ಬಿದ್ದ ಹುದ್ದೆಗಳ ಬಗ್ಗೆ, ನಮ್ಮ ಊದಿದ ಕಾಲುಗಳ ಬಗ್ಗೆ, ನಿನ್ನ ಅಸಡ್ಡೆಯ ಬಗ್ಗೆ, ಒಂದನ್ನೂ ಬಿಟ್ಟಿರಲಿಲ್ಲ. ಅವರು ಎರಡು ಸಾಲು ಓದಿ ಹಾಳೆಯನ್ನು ನನ್ನತ್ತ ತಳ್ಳಿದರು. "ಆ ವಿಷಯ ಇನ್ನು ಬೇಡಮ್ಮಾ. ಮತ್ತೆ ಯಾರಿಗಾದ್ರೂ ನೋವಾಗುತ್ತೆ."

ನೋವಾಗಿದ್ದು ನನಗೆ! ನನ್ನ ನೋವನ್ನೇ ನೆಪ ಮಾಡಿಕೊಂಡು ಮೊದಲು ನಿನ್ನ ಕೈ ಮುರಿದರು, ಆಮೇಲೆ ನನ್ನ ಬಾಯಿಗೂ ಬೀಗ ಜಡಿದರು.

ಇನ್ನು ಚಿತ್ರ ಬರೆಯುವುದಿಲ್ಲ ಎಂದು ಅಮ್ಮನಿಗೆ ಹೇಳಿದೆಯಂತೆ. ಹಾಗೆಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಬರಿ, ಎಡಗೈಯಲ್ಲಾದರೂ ಬರಿ. ಅದಕ್ಕೂ ಮೊದಲು ಒಂದು ಪಾಳಿ ನನ್ನ ವಾರ್ಡಿನಲ್ಲಿ ಬಂದು ನಿಲ್ಲು. ನಿಂತ ಮೇಲೂ ನನ್ನನ್ನು ಹಲ್ಲು ಕಿಸಿಯುವಂತೆಯೇ ಬರೆದರೆ ನಾನು ಜಗಳಕ್ಕೆ ಬರುತ್ತೇನೆ, ಒಬ್ಬಳೇ ಬರುತ್ತೇನೆ, ಬರಿಗೈಯಲ್ಲಿ.

ಬೆರಳು ಬೇಗ ಕೂಡಿಕೊಳ್ಳಲಿ. ನನ್ನಿಂದ ಬೈಸಿಕೊಳ್ಳುತ್ತಲೇ ನೂರು ಕಾಲ ಬಾಳು.

ಇನ್ನೂ ಸಿಟ್ಟಿಳಿಯದ
ನಿನ್ನ ಅಕ್ಕ