ಕಣ್ಣು ಮಿಟುಕಿಸಿ

ಎಕ್ಕಂಬಿ, ೧೪ ನವೆಂಬರ್, ರಾತ್ರಿ

ಮಧ್ಯಾಹ್ನ ಜ್ವರದ ಮಂಪರಿನಲ್ಲಿ ಮಲಗಿದ್ದವಳಿಗೆ ಮುಖದ ಮೇಲೆ ಬೆಳಕು ಬಿದ್ದಂತಾಗಿ ಎಚ್ಚರವಾಯಿತು. ತಮ್ಮ ವಿಘ್ನೇಶ್ವರ ನನ್ನದೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ನಿಂತಿದ್ದ.

"ಎಂತದಾ ಅದು?"

"ಎಂತ ಇಲ್ಲೆ ಅಕ್ಕ, ಟೈಮ್ ನೋಡಿದ್ದಷ್ಟೆ."

ಮೊಬೈಲ್ ಇಟ್ಟು ಹೋದ. ಬ್ಯಾಂಕಿನ ಆ್ಯಪ್‌ನಲ್ಲಿ ಅವನ ಖಾತೆಗೆ ಹಣ ಕಳಿಸುವ ಪುಟ ತೆರೆದೇ ಇತ್ತು. ನಾನು ಒತ್ತುವಾಗ ನೋಡಿಕೊಂಡಿದ್ದನೇನೋ, ಪಿನ್ ಹಾಕಿ ಆಗಿತ್ತು. ಆಧಾರ್ ಮುಖ ಗುರುತಿಗಾಗಿ ಕಣ್ಣು ಮಿಟುಕಿಸಲು ಕೇಳಿ, ನಿದ್ದೆಯಲ್ಲಿದ್ದವಳ ಮುಖವನ್ನು ಅದು ಒಪ್ಪಿರಲಿಲ್ಲ. ಅಷ್ಟರಿಂದಲೇ ಹಣ ಉಳಿಯಿತು.

ಪಿನ್ ಬದಲಿಸಿದೆ. ಆದರೆ ಈ ಮುಖವನ್ನು ಎಲ್ಲಿ ಬಚ್ಚಿಡಲಿ? ಅವನ ಮನೆಯಲ್ಲೇ, ಕೋಣೆಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ನಿದ್ದೆ ಮಾಡಲು ಹೆದರಿಕೆ.

ಬಾಗಿಲಾಚೆ ಅವನು ಮೆಲ್ಲಗೆ ಕೇಳುತ್ತಿದ್ದಾನೆ, "ಅಕ್ಕ, ಎಚ್ಚರ ಇದ್ದಾ?"