ಇಂಡೆಕ್ಸ್-ಟೂನಲ್ಲಿ ಪದ್ಮಾ ಕಾಕು

ಫೆಬ್ರವರಿ 3, ಸೋಮವಾರ
ಊಟವಾದ ಮೇಲೆ ಎಂದಿನಂತೆ ಅಪ್ಪ ಕಾಗದ ಕೊಟ್ಟರು, ಓದಿ ಹೇಳಿದೆ. ಗುಜರಾತಿನಲ್ಲಿದ್ದೂ ಮನೆಯಲ್ಲಿ ಗುಜರಾತಿ ಓದುವವಳು ನಾನೊಬ್ಬಳೇ. ಹನ್ನೊಂದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟಾದರೂ ಕೆಲಸ.
ನಾವು ಕೊಳ್ಳಲಿರುವ ಮಂಜಲ್‌ಪುರದ ಫ್ಲ್ಯಾಟಿನ ಕರಾರು. ಮಾರುವವರು ಕನ್ನಡ ಸಂಘದ ಹಯವದನ ಕಾಕಾ. ಏಪ್ರಿಲ್‌ಗೆ ಅಪ್ಪ ರಿಟೈರ್. ರೈಲ್ವೆ ಕ್ವಾರ್ಟರ್ಸ್ ಬಿಡಬೇಕು. ಅಮ್ಮ ಆಗಲೇ ಫ್ಲ್ಯಾಟಿನಲ್ಲಿ ದೇವರ ಮೂಲೆ ಆರಿಸಿದ್ದಾಳೆ.
ಎರಡನೇ ಪುಟ — ಕಾಕಾ ಸಹಿ ಹಾಕುವುದು ಬೇರೆ ಯಾರದೋ ಪರವಾಗಿ! ಯಾರ ಪರವಾಗಿ? ಮುಂದಿನ ಪುಟವೇ ಇಲ್ಲ.
“ಅದು ಕಾಕಾನ ಹತ್ರ ಇರ್ತದ, ಬಿಡು,” ಅಂದರು ಅಪ್ಪ. ಬಲು ಬೇಗ ಅಂದರು.

ಫೆ. 5
ನಗರಪಾಲಿಕೆಯ ವೆಬ್‌ಸೈಟಿನಲ್ಲಿ ಆ ಫ್ಲ್ಯಾಟಿನ ತೆರಿಗೆ ಬಿಲ್ ತೆಗೆದೆ. ಹೆಸರು ರಾಘವ. ಕಾಕಾನ ತಮ್ಮ, ತೀರಿಕೊಂಡು ಮೂರು ವರ್ಷ. ಕಾಕಾ ಮಾತ್ರ ಬಾಯಿ ತೆರೆದರೆ “ನನ್ನ ಫ್ಲ್ಯಾಟು”...

ಫೆ. 7
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್-ಟೂ ನಕಲು ಸಿಕ್ಕಿತು — ಯಾರು ಮಾರಿದರು, ಯಾರು ಕೊಂಡರು ಎಂಬ ಒಂದು ಹಾಳೆ. ಕೊಂಡವರು: ರಾಘವ, ಪದ್ಮಾವತಿ. ರಾಘವರ ಹೆಂಡತಿ ಪದ್ಮಾ ಕಾಕು! ಹಯವದನ ಎಲ್ಲೂ ಇಲ್ಲ.

ಫೆ. 8
ಫತೇಗಂಜ್. ಕಾಕು ತಮ್ಮ ಮನೆಯಲ್ಲಿ ಹಾಸ್ಟೆಲ್ ಹುಡುಗರ ಊಟದ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದರು.
“ಮಂಜಲ್‌ಪುರದ ಮನಿ ಮಾರ್ತೀರೇನು, ಕಾಕು?”
“ಹುಚ್ಚಿ! ಮಾರಿದ್ರ ಮುಪ್ಪಿನಾಗ ನಾ ಎಲ್ಲಿರ್ಲಿ?”
“ಯಾವುದಾದ್ರೂ ಕಾಗದಕ್ಕ ಸಹಿ ಹಾಕೀರೇನು?”
“ಲೈಟ್ ಮೀಟರಿನ ಹೆಸರು ಬದಲಿಸ್ಲಿಕ್ಕೆ ಹಯವದನ ಭಾವನವರು ಕಾಗದ ತಂದಿದ್ರಲ್ಲ. ಆಫೀಸಿಗೆ ಕರ್ಕೊಂಡು ಹೋಗಿ ಬೆರಳಚ್ಚೂ ಕೊಡಿಸಿದ್ರು. ಗುಜರಾತಿ ನನಗೆಲ್ಲಿ ಓದ್ಲಿಕ್ಕೆ ಬರ್ತದ?”
ಎದ್ದು ಮನೆಗೆ ಬಂದೆ. ಮೊದಲು ಅಪ್ಪನಿಗೆ ಹೇಳಬೇಕು.

ಫೆ. 12
ಫ್ಲ್ಯಾಟು ಕಾಕಾನದಲ್ಲ ಎಂದು ಅಪ್ಪನಿಗೆ ಹೇಳಿದೆ. ಇಂಡೆಕ್ಸ್-ಟೂ ಹಾಳೆ ಮುಂದಿಟ್ಟರೂ ನೋಡಲಿಲ್ಲ.
“ಶಾಲಿ ಮುಗಿಸ್ಲಿಲ್ಲ, ವಕೀಲಕಿ ಮಾಡ್ಲಿಕ್ಕೆ ಬಂದಾಳ! ಶುಕ್ರವಾರ ರಿಜಿಸ್ಟ್ರಿ ಆಗೋತನಕ ಸುಮ್ಮನಿರು.”
ಅದರಲ್ಲಿ ಯಾರ ಹೆಸರಿದೆ ಎಂದೂ ಕೇಳಲಿಲ್ಲ. ಅವರು ಹೊರಹೋದ ಮೇಲೆ ಬೀರು ತೆಗೆದೆ. ಕಾಕಾನ ಹತ್ತಿರ ಇದೆ ಎಂದಿದ್ದ ಆ ಮೂರನೇ ಪುಟ ಅಲ್ಲೇ ಇತ್ತು. ಕಾಕುವಿನ ಫೋಟೊ, ಬೆರಳಚ್ಚು. ಮಾರುವ ಅಧಿಕಾರವೆಲ್ಲ ಕಾಕಾನಿಗೆ.

ಫೆ. 14, ಶುಕ್ರವಾರ, ಬೆಳಿಗ್ಗೆ 9.40
ಫತೇಗಂಜ್. ಅಮ್ಮನ ಮೂರು ಮಿಸ್ಡ್ ಕಾಲ್. ಬೀರುವಿನಲ್ಲಿ ಸಿಕ್ಕ ಪುಟವನ್ನು ಕಾಕುವಿಗೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಗ್ಯಾಸ್ ಆರಿಸಿದರು.
“ಕೊಳ್ಳೋರು ಯಾರು?”
ಅದನ್ನೂ ಹೇಳಿದೆ. ನನ್ನನ್ನೇ ನೋಡಿದರು. ಆಮೇಲೆ, “ತಡಿ, ಸೀರಿ ಉಟ್ಕೊಂಡು ಬರ್ತೀನಿ.”
ಹತ್ತೂವರೆಗೆ ರಿಜಿಸ್ಟ್ರಿ; ಅದಕ್ಕೆ ಮೊದಲೇ ಕಾಕುವನ್ನು ರಿಜಿಸ್ಟ್ರಾರ್ ಕಚೇರಿಗೆ ಮುಟ್ಟಿಸಬೇಕು. ಬಾಗಿಲಲ್ಲೇ ಅಪ್ಪ ಇರುತ್ತಾರೆ. ಕಾಕುವಿನ ಜೊತೆ ನನ್ನನ್ನು ಕಂಡರೆ —